ಗರಿಯಿಲ್ಲದ ಬಾಣ

ನಿಂತ ದಿಕ್ಕೇ ತಿರುಗುಮುರುಗಾಗಿತ್ತು.

ಡೇಲ್ ಶೆಡ್ಡಿನ ಪಕ್ಕದಲ್ಲಿ ಬಗ್ಗಿ ನೆಲ ನೋಡಿದ. ಬಾಣ ಬಿಡುವ ಜಾಗಕ್ಕೆಂದು ಅವನೇ ಹರಡಿದ್ದ ಮರದ ಹೊಟ್ಟನ್ನು ಯಾರೋ ಚೆನ್ನಾಗಿ ತುಳಿದಿದ್ದರು. ಬಲಗೈಯಲ್ಲಿ ಹೆದೆ ಎಳೆಯುವವನು ಎಡಭುಜವನ್ನು ಗುರಿಗೆ ಕೊಟ್ಟು ನಿಲ್ಲುತ್ತಾನೆ. ಆಗ ಮುಖ ಸುಪೀರಿಯರ್ ಸರೋವರದ ಕಡೆಗಿರುತ್ತದೆ. ಇಲ್ಲಿ ಕಾಲ್ಬೆರಳು ಊರಿದ ಕುಳಿಗಳೆಲ್ಲ ಶೆಡ್ಡಿನ ಕಡೆಗಿದ್ದವು. ನಿಂತವನು ಎಡಚ.

ಅವನು ಬಲ್ಲ ಎಡಚ ಬಿಲ್ಲುಗಾರ ಒಬ್ಬನೇ, ತೈಸ್ತೊ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿ ಬಿಲ್ಲು ಕೆತ್ತಿಕೊಂಡು ಬದುಕುವವನು, ಪ್ರತಿ ಶರತ್ಕಾಲದಲ್ಲೂ ಡೇಲ್ ಜೊತೆ ಒಂದೇ ಬೇಟೆಮನೆಯಲ್ಲಿ ಮಲಗುವವನು.

ಹಬೆಸ್ನಾನದ ಸೌನಾ ಕೋಣೆಯ ಬೂದಿ ಡಬ್ಬಿಯಲ್ಲಿ ಉಳಿದ ಸುಳಿವು ಸಿಕ್ಕಿತು: ಬಾಣದ ಕಪ್ಪು ಕಾರ್ಬನ್ ಕಡ್ಡಿಯಿಂದ ಕತ್ತರಿಸಿದ ತುಣುಕುಗಳು, ಒಂದು ಹಿಡಿ. ಉದ್ದ ಕಡ್ಡಿ ಹೆಚ್ಚು ಬಳುಕುತ್ತದೆ. ಅದನ್ನು ಬಿಲ್ಲಿಗೆ ಹೊಂದಿಸಲು, ಗರಿ ಕಟ್ಟದೆ ಬೋಳಾಗಿಯೇ ಬಿಟ್ಟು, ಅದು ಎತ್ತ ವಾಲಿತೆಂದು ನೋಡಿ, ಬೆರಳಗಲ ಕತ್ತರಿಸಿ, ಮತ್ತೆ ಬಿಡಬೇಕು. ಅವಸರದಲ್ಲಿ ಮುಗಿಯುವ ಕೆಲಸವಲ್ಲ. ಅಂದರೆ ತಾನು ಮಿಲ್ಲಿನಲ್ಲಿ ಗರಗಸದ ಮುಂದೆ ಬೆವರುತ್ತಿದ್ದಾಗ ತೈಸ್ತೊ ಇಲ್ಲಿಗೆ ಬಂದಿದ್ದಾನೆ. ಮತ್ತೆ ಮತ್ತೆ ಬಂದಿದ್ದಾನೆ.

ತೈಸ್ತೊ ಕಾರ್ಬನ್ನನ್ನು ಮುಟ್ಟುವವನಲ್ಲ, ದೇವದಾರು ಬಿಟ್ಟು ಬೇರೆಯದು ಬಾಣವೇ ಅಲ್ಲ ಎನ್ನುವವನು. ಅವನ ಉದ್ದ ತೋಳಿಗೆ ಇಷ್ಟೊಂದು ಕತ್ತರಿಸಿದ ಕಡ್ಡಿ ಸಾಲುವುದೂ ಇಲ್ಲ. ಆದರೆ ಡೇಲ್‌ನ ತಲೆ ಆಗಲೇ ಬಿಸಿಯಾಗಿತ್ತು.

ಒಳಗೆ ಹೆಂಡತಿ ಮಾರ್ಲಿಸ್ ಒಲೆಯಿಂದ ಮಾಂಸ ತುಂಬಿದ ಪಾಸ್ಟಿ ಕಡುಬು ಇಳಿಸುತ್ತಿದ್ದಳು. ಎಡಗೈ ಬೆರಳುಗಳಿಗೆ ಪಟ್ಟಿ ಸುತ್ತಿತ್ತು.

"ಏನಾಯ್ತು ಕೈಗೆ?"

"ತಟ್ಟೆ ಸುಟ್ಟಿತು."

"ಇವತ್ತು ಯಾರಾದರೂ ಬಂದಿದ್ರಾ?"

"ಯಾರು ಬರ್ತಾರೆ ಈ ಮೂಲೆಗೆ? ಕರಡೀನೂ ನನ್ನ ಕಾಫಿ ಕುಡಿಯೋದು ಬಿಟ್ಟಿದೆ," ಎಂದಳು, ತಿರುಗದೆ.

ಅವಳ ಹಿಂದೆ, ತೊಳೆದು ಬೋರಲು ಹಾಕಿದ ಲೋಟಗಳು ಎರಡಿದ್ದವು.

ಡೇಲ್ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಇವಳಿಗಾಗಿ ತಾನು ಏನೆಲ್ಲ ಮಾಡಿದ್ದೆ! ಮದುವೆಯಾದಾಗಿನಿಂದ ಪ್ರತಿ ವರ್ಷ ಅವಳ ಬಾಣ ಆರಿಸಿ ಹದ ಮಾಡಿದವನು ತಾನು. ಗಡಸು ಕಡ್ಡಿ, ಮೆದು ಕಡ್ಡಿ, ಭಾರದ ಮೊನೆ, ಹಗುರ ಮೊನೆ. ಬೇರೆ ಯಾರನ್ನೂ ಅದಕ್ಕೆ ಕೈ ಹಚ್ಚಲು ಬಿಟ್ಟವನಲ್ಲ. ಆದರೂ ಅವಳ ಬಾಣ ಗೇಣು ಪಕ್ಕಕ್ಕೇ ಹೋಗುತ್ತಿತ್ತು. "ಮಾರ್ಲಿಸ್ ಬಿಲ್ಲೆತ್ತಿದ್ರೆ ಜಿಂಕೆಗಳು ಅವಳ ಮುಂದೇನೇ ಬಂದು ನಿಲ್ತಾವೆ, ಅಷ್ಟು ಕ್ಷೇಮವಾದ ಜಾಗ ಕಾಡಲ್ಲಿ ಇನ್ನೊಂದಿಲ್ಲ" ಎಂದು ಬೇಟೆಮನೆಯಲ್ಲಿ ಗಂಡಸರು ಕಿಚಾಯಿಸುವರು. ಎಲ್ಲರಿಗಿಂತ ಜೋರಾಗಿ ಡೇಲ್ ನಗುವನು. ಆಮೇಲೆ ಹೆಂಡತಿಯ ಭುಜ ಬಳಸಿ, "ತಪ್ಪು ಬಾಣದ್ದು ಕಣೇ, ನಿಂದಲ್ಲ" ಎನ್ನುವನು.

ಹೋದ ವರ್ಷ ಅವಳ ಬಾಣ ಒಂದು ಹೆಣ್ಣು ಜಿಂಕೆಯ ಹೊಟ್ಟೆಗೆ ಬಿತ್ತು. ರಕ್ತದ ಜಾಡು ಜೌಗಿನಲ್ಲಿ ಕರಗಿಹೋಯಿತು. ಕತ್ತಲಾಗುವವರೆಗೆ ಅವಳು ಮಂಡಿಯೂರಿಕೊಂಡು ಹುಡುಕಿದಳು. ಜಿಂಕೆ ಸಿಗಲಿಲ್ಲ. ಅಂದೇ ಬಿಲ್ಲನ್ನು ಗೋಡೆಗೆ ಹಾಕಿ, "ಇನ್ನು ಇದನ್ನ ಮುಟ್ಟಲ್ಲ" ಎಂದಳು. ಅವಳನ್ನು ಸಮಾಧಾನ ಮಾಡಿದವನೂ ಅವನೇ. ಅದಕ್ಕೆ ಇದಾ ಪ್ರತಿಫಲ?

ಮರುದಿನ ಬೆಳಿಗ್ಗೆ ಮಿಲ್ಲಿಗೆ ಹೊರಟವನು ತಿರುವಿನಲ್ಲಿ ಗಾಡಿ ನಿಲ್ಲಿಸಿ, ಬರ್ಚ್ ಮರಗಳ ನಡುವಿನಿಂದ ಹಿಂದಕ್ಕೆ ನಡೆದ. ಮನೆಯಲ್ಲಿ ಕಾಣುವುದನ್ನು ಕಂಡ ಮೇಲೆ ಈ ಸಂಸಾರ ಉಳಿಯುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು. ಗುರಿಗೆ ಬಾಣ ನಾಟುವ ಸದ್ದು ಕೇಳಿತು. ಮುಷ್ಟಿ ಬಿಗಿದು ಶೆಡ್ಡಿನ ಮೂಲೆ ದಾಟಿದ.

ತೈಸ್ತೊ ಸೌದೆ ಕೊರಡಿನ ಮೇಲೆ ಕೂತು ಏಲಕ್ಕಿ ಬನ್ನು ತಿನ್ನುತ್ತಿದ್ದ. ಹೊಟ್ಟಿನ ಮೇಲೆ, ಶೆಡ್ಡಿಗೆ ಮುಖ ಮಾಡಿ ನಿಂತು, ಎಡಗೈಯಲ್ಲಿ ಹೆದೆ ಎಳೆಯುತ್ತಿದ್ದವಳು ಮಾರ್ಲಿಸ್.

ಬಾಣ ಹಾರಿತು. ಗುರಿಯ ನಡುವೆ ನಾಟಿದ್ದ ಗರಿಯ ಬಾಣಕ್ಕೆ ಅಂಟಿಕೊಂಡೇ ಗರಿಯಿಲ್ಲದ್ದು ಹೋಗಿ ನಾಟಿತು.

"ಬಾರಯ್ಯಾ ಡೇಲ್!" ತೈಸ್ತೊ ಬನ್ನನ್ನೇ ಎತ್ತಿ ಕರೆದ. "ಮೊದಲನೇ ಹಿಮ ಬೀಳೋ ತನಕ ನಿನಗೆ ಹೇಳಬಾರದು ಅಂತ ಇವಳ ಆಜ್ಞೆ. ನಾನು ಕೆತ್ತಿಕೊಟ್ಟ ಈ ಎಡಗೈ ಬಿಲ್ಲು ಎಳೆಯೋಕೆ ಹಗುರ, ಅದಕ್ಕೆ ತೀರಾ ಮೆದು ಕಡ್ಡಿ ಬೇಕು. ಇವಳಿಗೋಸ್ಕರ ಈ ವಯಸ್ಸಲ್ಲಿ ಕಾರ್ಬನ್ ಮುಟ್ಟಿ ಜಾತಿಕೆಟ್ಟೆ ನೋಡು!"

ಡೇಲ್‌ನ ಮುಷ್ಟಿ ಸಡಿಲವಾಯಿತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಅಯ್ಯೋ, ನಾನೆಂಥ ದಡ್ಡ! ನಾನು ಏನೇನೋ ಅಂದ್ಕೊಂಡಿದ್ದೆ ಕಣ್ರೋ."

ಮಾರ್ಲಿಸ್ ನಗಲಿಲ್ಲ. ಗುರಿಯತ್ತ ನಡೆದು ಬಾಣ ಕೀಳತೊಡಗಿದಳು.

"ಆ ಜಿಂಕೆ ಕನಸಲ್ಲಿ ಬರುತ್ತೆ, ನನ್ನ ತಪ್ಪೆಲ್ಲಿ ಹೇಳು ಅಂತ ಅಳ್ತಾ ಬಂದಳಯ್ಯಾ," ತೈಸ್ತೊ ದನಿ ತಗ್ಗಿಸಿದ. "ಕೈ ಚಾಚಿ ಎರಡೂ ಅಂಗೈ ಸೇರಿಸಿ, ನಡುವೆ ಕಿಂಡಿ ಬಿಟ್ಟು, ಆ ಮರದ ಗಂಟು ನೋಡು ಅಂದೆ. ಒಂದೊಂದೇ ಕಣ್ಣು ಮುಚ್ಚಿಸಿದೆ. ಎಡಗಣ್ಣು ಮುಚ್ಚಿದ್ಲು, ಗಂಟೇ ಮಾಯ! ಗುರಿ ಹಿಡಿಯೋದು ಇವಳ ಎಡಗಣ್ಣು. ಬಲಗೈ ಬಿಲ್ಲಿಗೆ ಚಿನ್ನದ ಬಾಣ ಹಾಕಿದ್ರೂ ಪಕ್ಕಕ್ಕೇ ಹೋಗುತ್ತೆ. ಇಷ್ಟು ವರ್ಷ ಜೊತೇಲಿದ್ದು ನಿನಗೂ ಹೊಳೀಲಿಲ್ಲವಲ್ಲ, ಮಾರಾಯ."

"ಹೊಳೀಲೇ ಇಲ್ಲ," ಎಂದ ಡೇಲ್.

ಮಾರ್ಲಿಸ್ ಬಾಣಗಳನ್ನು ಬತ್ತಳಿಕೆಗೆ ಇಳಿಸಿದಳು. ಗಂಡನ ಮುಖ ನೋಡಿದಳು.

"ತೈಸ್ತೊ, ಅವತ್ತು ನಿನ್ನ ಕಿಂಡಿಯೊಳಗಿಂದ ನೋಡ್ತಾ ನಾನ್ಯಾಕೆ ಸುಮ್ಮನಾಗಿಬಿಟ್ಟೆ ಅಂತ ನೀನು ಕೇಳಲೇ ಇಲ್ಲ," ಎಂದಳು. "ಮದುವೆಗೆ ಮುಂಚೆ, ನನ್ನ ಕೈಗೆ ಆ ಬಲಗೈ ಬಿಲ್ಲು ಕೊಡೋ ಮೊದಲು, ಡೇಲ್ ನನ್ನ ಹತ್ರ ಒಂದೊಂದೇ ಕಣ್ಣು ಮುಚ್ಚಿಸಿ ಇದೇ ಆಟ ಆಡಿಸಿದ್ದ."