ಬೇರೆಯಾಗಿಟ್ಟ ಬಟ್ಟಲು

ಪ್ರಭುಭೋಜನದಲ್ಲಿ ಚರ್ಚಿನ ಸಭಾಪಾಲಕರಿಗೆಂದು ಬೇರೆಯಾಗಿಟ್ಟಿದ್ದ ದ್ರಾಕ್ಷಾರಸದ ಬಟ್ಟಲಿಗೆ ವಿಷ ಬೆರೆಸಿ, ಸಭಾಹಿರಿಯ ಸತ್ಯಮಿತ್ರ ಮುಂದಿನ ಬೆಂಚಿನಲ್ಲಿ ಕೈಮುಗಿದು ಕೂತಿದ್ದ. ಚರ್ಚಿನ ಜಾಗ ಮಾರಲು ಪಾಲಕರೊಬ್ಬರೇ ಅವನಿಗೆ ಅಡ್ಡಿಯಾಗಿದ್ದರು.

ಪಾಲಕರು ಬಟ್ಟಲೆತ್ತಿಕೊಂಡು ಸೀದಾ ಅವನ ಹತ್ತಿರ ಬಂದರು.

“ಸತ್ಯಣ್ಣ, ನಮ್ಮಿಬ್ಬರ ಜಗಳ ಇವತ್ತಿಗೆ ಮುಗೀಲಿ. ನನ್ನ ಬಟ್ಟಲಲ್ಲಿ ಮೊದಲು ನೀವು ಕುಡೀರಿ.”

“ಬೇಡ ಅಯ್ಯನೋರೇ, ನಾನು ಯೋಗ್ಯನಲ್ಲ.”

“ಇಲ್ಲಿ ಯೋಗ್ಯರು ಯಾರಿದ್ದಾರೆ? ಕುಡೀರಿ.”

ಸಭೆಯೆಲ್ಲ ನೋಡುತ್ತಿತ್ತು. ಒಲ್ಲೆನೆಂದರೆ ಗುಟ್ಟು ರಟ್ಟಾಗುತ್ತಿತ್ತು. ಅವನು ಬಟ್ಟಲನ್ನು ಬಾಯಿಯ ಹತ್ತಿರ ತಂದ.

ರೊಟ್ಟಿ ಕದ್ದಳೆಂದು ಅವನೇ ಸಭೆಯಿಂದ ಹೊರಹಾಕಿಸಿದ್ದ ಹುಚ್ಚಿ ಸಾರಮ್ಮ ಬಟ್ಟಲು ಇಟ್ಟಿದ್ದ ಕೋಣೆಯ ಕಿಟಕಿಯ ಕಡೆಯಿಂದ ಓಡಿಬಂದು ಅದನ್ನು ತಟ್ಟಿ ಕೆಡವಿದಳು. ಜನ ಅವಳ ತಲೆಗೂದಲು ಹಿಡಿದು ದರದರನೆ ಹೊರಗೆಳೆದರು.

ಬಾಗಿಲಲ್ಲಿ ಅವಳು ಅವನತ್ತ ತಿರುಗಿ ಕೇಳಿದಳು: “ತುಟಿಗೆ ತಾಗ್ಲಿಲ್ಲ ತಾನೇ, ಮಗಾ?”