ಗೋಡೆಯ ಹೆಪ್ಪು

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಎಂದಿನಂತೆ ಕಡಲಗೋಡೆಯೊಳಗಿನ ಜೀವಾಣುಗಳಿಗೆ ಬೆಲ್ಲದ ನೀರು ಹಾಕಿದೆ. ನಮ್ಮ ಮನೆಯ ಪಾಲಿನ ಕಾಂಕ್ರೀಟು ಆರೋಗ್ಯವಾಗಿತ್ತು. ಸಾಯುವ ಮೊದಲು ನನ್ನ ಗಂಡ ವಾಮನ ಆ ಜೀವಾಣುಗಳ ಹೆಪ್ಪು ಹಚ್ಚಿದ್ದ ಬಿರುಕು ಬಿಳಿಯಾಗಿ ಕೂಡಿಕೊಂಡಿತ್ತು.

ಪಕ್ಕದ ಮನೆಯ ದೇವಕಿಯಕ್ಕ ತಮ್ಮ ಪಾಲಿನ ಗೋಡೆಯ ಬಳಿ ನಿಂತಿದ್ದರು. ಅಲ್ಲಿಯ ಬಿರುಕಿನಲ್ಲಿ ಬೆರಳು ತೂರುತ್ತಿತ್ತು. ಮರುದಿನ ಅಮಾವಾಸ್ಯೆಯ ಉಬ್ಬರ.

"ಹೆಪ್ಪು ಕೇಂಬುಕೆ ನಾಚ್ಕಿ ಆತ್ತ್ ಹೆಣೆ. ನನ್ನ ಹೆಪ್ಪು ಸತ್ತ್..." ಎಂದವರು ನಾಲಿಗೆ ಕಚ್ಚಿಕೊಂಡರು.

"ಸತ್ತಿತ್ ಅಂತ್ಲೇ ಹೇಳಿ ಅಕ್ಕ. ಎಂತ ಆತಿಲ್ಲ."

ಒಳಗೆ ಹೋಗಿ ಹೆಪ್ಪಿನ ಭರಣಿ ತೆರೆದೆ. ಹುಳಿ ವಾಸನೆ ಬಂತು. ಗುಳ್ಳೆ ಏಳುತ್ತಿತ್ತು. ವಾಮನ ಅದನ್ನು ದಿನವೂ ಬರಿಗೈಯಲ್ಲಿ ಕಲಕುತ್ತಿದ್ದ; ಸೌಟು ಕೊಟ್ಟರೆ ನಗುತ್ತಿದ್ದ. ನಾನು ಸೌಟನ್ನೇ ಹಾಕಿದೆ. ಹೋದ ಮಳೆಗಾಲದಲ್ಲಿ ಅವನು ದೇವಕಿಯಕ್ಕನಿಂದ ಹೆಪ್ಪು ಕಡ ತಂದಿದ್ದ ಸ್ಟೀಲ್ ಗಿಂಡಿ ಅಲ್ಲೇ ಇತ್ತು. ಅದನ್ನು ತುಂಬಿಸಲು ಸೌಟಿಗೆ ಸಿಗದ ತಳವನ್ನು ಕೈಯಿಂದಲೇ ಬಳಿಯಬೇಕಾಯಿತು.

"ಅವ ಸಾಕಿದ್ದಲ್ದಾ? ನಿಂಗ್ ಬ್ಯಾಡ್ದಾ?" ಹೊರಗೆ ತಂದ ಗಿಂಡಿ ನೋಡಿ ಕೇಳಿದರು ದೇವಕಿಯಕ್ಕ.

"ನಿಮ್ದೇ ಅಲ್ದಾ ಅಕ್ಕ. ಬೇಕಾರೆ ನಾನೇ ಬಂದ್ ಕೇಂತೆ."

ಗಿಂಡಿಯನ್ನು ಅವರ ಕೈಗಿಟ್ಟೆ. ನನ್ನ ಬೆರಳ ಸಂದಿಯಲ್ಲಿ ಉಳಿದದ್ದು ಆಗಲೇ ಗಟ್ಟಿಯಾಗತೊಡಗಿತ್ತು.