ಹೆಬ್ಬೆರಳಿನ ಹಳ್ಳ

ಇದು ಅಜ್ಜನ ಚೂರಿ ಅಲ್ಲ.

ಒರೆಯಿಂದ ಎಳೆದು ಮುಷ್ಟಿಯಲ್ಲಿ ಹಿಡಿದ ಕೂಡಲೇ ಟೌನೊಗೆ ಹಾಗನ್ನಿಸಿತು. ಅಜ್ಜ ಉರ್ಹೊ ಹಿತ್ತಿಲ ಸೌನಾದ ಹಬೆಯಲ್ಲಿ ಬೆವರು ಹರಿಸುತ್ತಿದ್ದ. ಅಜ್ಜಿ ಲೆಂಪಿ ಅಡುಗೆಮನೆಯಲ್ಲಿ ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. ಒಡೆಯನ ಹೊರತು ಯಾರೂ ಚೂರಿ ಮುಟ್ಟಬಾರದೆಂಬುದು ಮನೆಯ ಕಟ್ಟಳೆ. ಟೌನೊ ಒಂದು ರಾತ್ರಿ ಕಾಯಬಹುದಿತ್ತು. ಕಾಯಲಿಲ್ಲ.

ಫಿನ್ಲೆಂಡಿನಲ್ಲಿ ಆ ಅಲಗನ್ನು ಕಾಸಿ ಬಡಿದವನು ಅಜ್ಜಿಯ ಮುತ್ತಜ್ಜ. ಅವನ ಮಗ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಹಡಗು ಹತ್ತಿ ಮಿಶಿಗನ್ನಿನ ತಾಮ್ರದ ಗಣಿಗೆ ಬಂದ. ಮುಂದೆ, ಗಂಡುಮಕ್ಕಳಿಲ್ಲದ ಅಜ್ಜಿಯ ಅಪ್ಪ, ಹೆಣ್ಣಿಗೇಕೆ ಚೂರಿ ಎಂದು, ಅದನ್ನು ಅಳಿಯ ಉರ್ಹೊನ ಕೈಗಿತ್ತ. ಅಲಗು ಮಾತ್ರ ಹಳೆಯದು. ಚೂರಿ ಕೈ ಬದಲಾದಾಗಲೆಲ್ಲ ಬರ್ಚ್ ಮರದ ಹೊಸ ಹಿಡಿ ಹಾಕುತ್ತಾರೆ. ಅಲಗು ವಂಶದ್ದು, ಹಿಡಿ ಹಿಡಿದವರದು ಎಂಬುದು ಮನೆಯ ಮಾತು. ನಾಳೆ ಬೇಟೆಯ ಮೊದಲ ದಿನ. ಮೊದಲ ಜಿಂಕೆ ಬಿದ್ದ ಮೇಲೆ ಚೂರಿ ಟೌನೊನದು. ಸುಪೀರಿಯರ್ ಸರೋವರ ಅಪ್ಪನನ್ನು ನುಂಗಿದಂದಿನಿಂದ ಅವನು ಆಸೆಪಟ್ಟದ್ದು ಇದೊಂದಕ್ಕೇ.

ಅಜ್ಜ ಬಲಗೈಯವನು. ಮದುವೆಯಾದಾಗಿನಿಂದ ಅವನ ಹೆಬ್ಬೆರಳು ಒತ್ತಿ ಒತ್ತಿ ಹಿಡಿಯ ಎಡಮಗ್ಗುಲು ಸವೆದಿರಬೇಕು. ಇಲ್ಲಿ ಹಳ್ಳ ಬಿದ್ದದ್ದು ಬಲಮಗ್ಗುಲಲ್ಲಿ. ಟೌನೊ ಗೋಡೆಯ ಫೋಟೊ ನೋಡಿದ. ಕೊಂಬಿನ ಗಂಡುಜಿಂಕೆಯ ಪಕ್ಕ ಅಜ್ಜ, ಬಲಗೈಯಲ್ಲಿ ಚೂರಿ, ದೃಷ್ಟಿ ಮಾತ್ರ ಬೇರೆಲ್ಲೋ. ಇದು ನಕಲಿ ಚೂರಿ, ಮಾಡಿದ ಪುಣ್ಯಾತ್ಮ ಎಡಬಲ ತಿಳಿಯದೆ ಸವೆಸಿಬಿಟ್ಟಿದ್ದಾನೆ!

ಬೇಸಿಗೆಯಲ್ಲಿ ಹಳೆಯ ಚೂರಿ ಕೊಳ್ಳುವವನೊಬ್ಬ ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋಗಿದ್ದ. ಅದರ ಹಿಂದೆಯೇ ಮನೆಗೆ ಹೊಸ ಫ್ರೀಜರ್ ಬಂದಿತ್ತು. ಅಜ್ಜನನ್ನು ಸುಳ್ಳುಗಾರ ಎಂದುಕೊಳ್ಳಲು ಮನಸ್ಸಾಗದೆ ಟೌನೊ ಚೂರಿಯನ್ನು ಒರೆಗೆ ಸೇರಿಸಿ ಇದ್ದಲ್ಲೇ ಇಟ್ಟ.

ಊಟಕ್ಕೆ ಕೂತಾಗ ಅಜ್ಜ ಅಜ್ಜಿಯ ಮೊಣಕೈಗಳು ಎಂದಿನಂತೆ ಡಿಕ್ಕಿ ಹೊಡೆದವು. ಸೂಪು ಚೆಲ್ಲಿತು.

"ಆಚೆ ಸರ್ಕೊಳ್ಳೇ. ಪ್ರತಿ ಊಟಕ್ಕೂ ಇದೇ ಗೋಳು," ಅಂದ ಅಜ್ಜ.

"ಮದುವೆಗೆ ಮುಂಚೆನೇ ನೋಡ್ಕೋಬೇಕಿತ್ತು."

ಟೌನೊ ನಗಲಿಲ್ಲ. "ಅಜ್ಜ, ಬೇಸಿಗೇಲಿ ಬಂದಿದ್ನಲ್ಲ, ಅವನು ಚೂರಿ ಕೇಳಿದ್ನಾ?"

"ಕೇಳ್ದ."

"ನೀನೇನಂದೆ?"

ಅಜ್ಜ ಅಜ್ಜಿಯ ಮುಖ ನೋಡಿದ. "ಮಾರೋಕೆ ಅದು ನನ್ನದಲ್ಲ ಅಂದೆ."

"ಸೂಪು ಆರ್ತಿದೆ, ಉಣ್ಣು," ಅಂದಳು ಅಜ್ಜಿ.

ಟೌನೊ ಆ ರಾತ್ರಿ ಮಗ್ಗುಲು ಬದಲಿಸುತ್ತಲೇ ಕಳೆದ. ಬೆಳಿಗ್ಗೆ ಮನೆಯ ಹಿಂದಿನ ಸೇಬಿನ ಮರಗಳ ಬುಡದಲ್ಲಿ ಗಂಡುಜಿಂಕೆಯೊಂದು ಕಾಣಿಸಿತು. ಟೌನೊನ ಗುಂಡು ಗುರಿ ತಪ್ಪಲಿಲ್ಲ. ಸದ್ದು ಕೇಳಿ ಅಜ್ಜ ಹಿಮ ತುಳಿಯುತ್ತ ಬಂದ. ಹಿಂದೆ ಫ್ಲಾಸ್ಕ್ ಹಿಡಿದ ಅಜ್ಜಿ. ಉರ್ಹೊ ಬೇಟೆಗೆ ಹೊರಟರೆ ಲೆಂಪಿ ಕಾಫಿ ಹೊತ್ತು ಹೋಗಲೇಬೇಕು. ಅಜ್ಜನ ಕಾಫಿ ಚಟಕ್ಕೆ ಊರೇ ನಗುತ್ತಿತ್ತು. ಅವನ ಕೈಚಳಕಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅವನ ಜಿಂಕೆಯ ಮಾಂಸಕ್ಕೆ ಒಂದು ಕೂದಲೂ ಅಂಟಿರುತ್ತಿರಲಿಲ್ಲ. ಆದರೆ ಕೊಯ್ಯುವುದನ್ನು ಕಂಡವರಿಲ್ಲ. ಕೊಯ್ಯುವಾಗ ಯಾರೂ ಬಳಿ ನಿಲ್ಲಬಾರದು ಎಂಬುದು ಅಜ್ಜನೇ ಮಾಡಿದ ಕಟ್ಟಳೆ.

ಅಜ್ಜ ಒರೆ ಬಿಚ್ಚಿ ಚಾಚಿದ. "ತಗೋ ಮಗಾ. ಇನ್ನು ನಿನ್ನದು."

ಟೌನೊ ಕೈ ಚಾಚಲಿಲ್ಲ. "ಕೊನೇ ಸಲ ನೀನು ಕೊಯ್ದು ಕೊಡು. ನಾನು ಇಲ್ಲೇ ನಿಂತಿರ್ತೀನಿ."

"ಹತ್ತಿರ ನಿಲ್ಲಬಾರ್ದು ಅಂತ ಗೊತ್ತಿಲ್ವಾ?"

"ಗೊತ್ತು. ಇವತ್ತು ನಿಲ್ತೀನಿ."

ಅಜ್ಜ ಮಂಡಿಯೂರಿದ. ಅಲಗು ಜಿಂಕೆಯ ಹೊಟ್ಟೆಯ ಮೇಲೆ ಗಡಗಡ ನಡುಗಿತು. ಅಷ್ಟು ಚಳಿಯಲ್ಲೂ ಅವನ ಹಣೆ ಬೆವೆತಿತ್ತು. ಟೌನೊಗೆ ಇನ್ನು ತಡೆಯಲಾಗಲಿಲ್ಲ.

"ಸಾಕು ಅಜ್ಜ. ಅಸಲಿ ಎಲ್ಲಿದೆ ಹೇಳು."

ಅಜ್ಜನ ಮುಖ ಬಿಳುಚಿತು. "ಗೊತ್ತಾಗಿಹೋಯ್ತೇನೋ?"

"ನಿನ್ನೆನೇ. ಹಿಡೀಲಿ ಹಳ್ಳ ಉಲ್ಟಾ ಕಡೆ ಬಿದ್ದಿದೆ. ನನ್ನನ್ನ ಇನ್ನೂ ಚಿಕ್ಕ ಮಗು ಅಂದ್ಕೊಂಡ್ಯಾ?"

ಅಜ್ಜ ಹಿಮದ ಮೇಲೆಯೇ ಕುಸಿದು ಕೂತ. ಮೊಮ್ಮಗನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. "ನಾನು ಬಡ್ಕೊಂಡೆ ಲೆಂಪಿ, ಒಂದಿನ ಸಿಕ್ಕಿಬೀಳ್ತೀವಿ ಅಂತ."

ಅಂದರೆ ಅಜ್ಜಿಗೂ ಗೊತ್ತು! ಇಬ್ಬರೂ ಸೇರಿ ಮೋಸ ಮಾಡಿದ್ದಾರೆ. ಟೌನೊಗೆ ಕೋಪಕ್ಕಿಂತ ಅಳು ಮುಂದಾಗಿ ಬಂತು.

ಅಜ್ಜಿ ಫ್ಲಾಸ್ಕನ್ನು ಹಿಮದಲ್ಲಿ ಊರಿದಳು. ಎಡಗೈಯ ಕೈಗವಸು ಕಳಚಿ ಜೇಬಿಗೆ ತುರುಕಿದಳು. ಗಂಡನ ಬೆರಳುಗಳಿಂದ ಚೂರಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಎಡಗೈ ಹೆಬ್ಬೆರಳು ಆ ಹಳ್ಳದಲ್ಲಿ ಹೋಗಿ ಕೂತುಕೊಂಡಿತು. ಅಜ್ಜ ಅಭ್ಯಾಸಬಲದಿಂದ ಕಾಡಿನ ಕಡೆ ಮುಖ ತಿರುಗಿಸಿದ. ಒಂದೇ ಎಳೆತಕ್ಕೆ ಜಿಂಕೆಯ ಹೊಟ್ಟೆ ತೆರೆದುಕೊಂಡಿತು. ಮಾಂಸಕ್ಕೆ ಒಂದು ಕೂದಲೂ ಅಂಟಲಿಲ್ಲ.

"ಬಾಯಿ ಬಿಟ್ಕೊಂಡು ನಿಲ್ಲಬೇಡ, ಆ ಕಾಫಿ ನಿಮ್ಮಜ್ಜನಿಗೆ ಕುಡಿಸು," ಅಂದಳು ಅಜ್ಜಿ, ತಲೆಯೆತ್ತದೆ. "ರಕ್ತ ಕಂಡ್ರೆ ತಲೆ ಸುತ್ತಿ ಬೀಳ್ತಾನೆ ಅಂತ್ಲೇ ಅಲ್ವಾ, ನಾನು ಬಂದೂಕಿನ ಜೊತೆ ಫ್ಲಾಸ್ಕೂ ಹೊತ್ಕೊಂಡು ಹೋಗ್ತಿದ್ದಿದ್ದು!"